ಖಿಡಕಿ ಗೌಡರು

ಆಳಂದದ ಹಳೇ ಮಾಳಿಗೆ ಮನೆಗಳಿಗೆ ಖಿಡಕಿ ಕಡಿಮೆ. ನಮ್ಮ ಬಿಸಿಲಿಗೆ ಹೆದರಿ ಹಿರಿಯರು ಮೇಲೊಂದು ಬೆಳಕಿಂಡಿ ಬಿಟ್ಟು ಸುತ್ತ ಗೋಡೆ ಎಬ್ಬಿಸಿದರು. ಆ ಕೊರತೆಯನ್ನು ಈಗ ನನ್ನ ತಂಗಿಯ ಮಗ ಒಬ್ಬನೇ ತುಂಬಿಸುತ್ತಿದ್ದಾನೆ. ಇಂಜಿನಿಯರಿಂಗ್ ಓದುವ ಹುಡುಗ. ರಜೆಗೆ ಬಂದವನು ಉಂಡ ಕೈ ತೊಳೆಯುವ ಮೊದಲೇ ಲ್ಯಾಪ್‌ಟಾಪ್ ತೆರೆದು, "ಮಾಮಾ, ನಂದೇ ಒಂದ್ ಕಂಪೋಸಿಟರ್ ಮಾಡಾಕತ್ತೀನಿ" ಅಂದ.

ನನಗೆ ಗೊತ್ತಿದ್ದ ಕಂಪೋಸಿಟರ್ ಒಬ್ಬನೇ. ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸುತ್ತ ಅಧ್ಯಕ್ಷರ ಭಾಷಣವನ್ನು ಭಕ್ಷಣ ಮಾಡಿದ ಪುಣ್ಯಾತ್ಮ. ಇದು ಅದಲ್ಲವಂತೆ. ಪರದೆಯ ಮೇಲೆ ಯಾವ ಖಿಡಕಿ ಮುಂದೆ ನಿಲ್ಲಬೇಕು, ಯಾವುದು ಹಿಂದೆ ಸರಿಯಬೇಕು, ಒತ್ತಿದ ಕೀಲಿ ಯಾರ ಪಾಲು ಎಂದು ತೀರ್ಮಾನಿಸುವ ತಂತ್ರಾಂಶವಂತೆ. ಅಂದರೆ ಊರ ಗೌಡಕಿ!

ಈ ಗೌಡಕಿ ಮೊದಲು ಅಗ್ಗವಾಗಿತ್ತು. ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಹುಟ್ಟಿ, 1987ರಲ್ಲಿ ಹನ್ನೊಂದನೇ ಆವೃತ್ತಿಗೆ ಬಂದು ಅಲ್ಲೇ ಕಾಲು ಚಾಚಿ ಕೂತ ‘ಎಕ್ಸ್’ ಎಂಬ ವ್ಯವಸ್ಥೆಯಲ್ಲಿ ದುಡಿಮೆಯೆಲ್ಲ ಎಕ್ಸ್ ಸರ್ವರಿನದು. ಗೌಡನಾದ ವಿಂಡೋ ಮ್ಯಾನೇಜರ್ ರುಮಾಲು ಸುತ್ತಿಕೊಂಡು ಕಟ್ಟೆಯ ಮೇಲೆ ಕೂತರೆ ಸಾಕು. ‘ಟೈನಿಡಬ್ಲ್ಯುಎಂ’ ಎಂಬುದು ಸುಮಾರು 50 ಸಾಲಿನಲ್ಲಿ ಗೌಡಕಿ ನಡೆಸಿತು. ಒಂದು ತೊಂದರೆ: ಆ ವಾಡೆಯಲ್ಲಿ ಯಾರ ಮಾತು ಯಾರು ಬೇಕಾದರೂ ಕದ್ದು ಕೇಳಬಹುದಿತ್ತು. ನೀವು ಬ್ಯಾಂಕಿನ ಗುಪ್ತಪದ ಒತ್ತಿದರೆ ಪಕ್ಕದ ಖಿಡಕಿಯ ಆಟಕ್ಕೂ ಅದು ಕೇಳಿಸುತ್ತಿತ್ತು.

2008ರಲ್ಲಿ ಕ್ರಿಸ್ಟಿಯನ್ ಹಾಗ್ಸ್‌ಬರ್ಗ್ ಬೇರೆ ದಾರಿ ಹಿಡಿದು ‘ವೇಲ್ಯಾಂಡ್’ ಶುರು ಮಾಡಿದರು. ಇಲ್ಲಿ ಸರ್ವರೂ ಗೌಡನೇ, ಗೌಡನೂ ಸರ್ವರೇ. ರುಮಾಲು ಬೇಕಾದವನು ಬಾವಿಯನ್ನೂ ತೋಡಬೇಕು, ಗೋಡೆಯನ್ನೂ ಕಟ್ಟಬೇಕು. ಗ್ರಾಫಿಕ್ಸ್ ಕಾರ್ಡು, ಮಾನಿಟರು, ಇಲಿ, ಕೀಲಿಮಣೆ ಎಲ್ಲವನ್ನೂ ತಾನೇ ಮಾತಾಡಿಸಬೇಕು. 50 ಸಾಲಿನ ಗೌಡರು ಊರು ಬಿಟ್ಟರು.

ಆಗ ಬಂತು ಗಿರಣಿ. ‘ಸ್ವೇ’ ಎಂಬ ವೇಲ್ಯಾಂಡ್ ಕಂಪೋಸಿಟರ್ ಬರೆಯುತ್ತಿದ್ದವರು ಮನೆಮನೆಯಲ್ಲಿ ಬೀಸುಕಲ್ಲು ಯಾಕೆಂದು 2017ರಲ್ಲಿ ‘ಡಬ್ಲ್ಯುಎಲ್‌ರೂಟ್ಸ್’ ಎಂಬ ಲೈಬ್ರರಿ ಕಟ್ಟಿದರು. ಹೇಗಿದ್ದರೂ ನೀವು ಬರೆಯಲೇಬೇಕಿದ್ದ ಸುಮಾರು 60,000 ಸಾಲು ಇದು ಎಂದು ಅದರ ಪರಿಚಯದಲ್ಲೇ ತಮಾಷೆಯಾಗಿ ಹೇಳಿಕೊಂಡಿದ್ದಾರೆ. ಜೋಳ ನಿಮ್ಮದು, ರೊಟ್ಟಿ ನಿಮ್ಮದು, ಬೀಸುವುದಷ್ಟೇ ನಮ್ಮದು. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನವರು 2023ರಲ್ಲಿ ‘ವೇಫೈರ್’ ಎಂಬ ಗೌಡನನ್ನು ತಂದರು, ಮರುವರ್ಷ ಇಳಿಸಿ ‘ಲ್ಯಾಬ್‌ಡಬ್ಲ್ಯುಸಿ’ಗೆ ರುಮಾಲು ಸುತ್ತಿದರು. ಇಬ್ಬರ ಹಿಟ್ಟೂ ಅದೇ ಗಿರಣಿಯದು. ಗಿರಣಿಯವನಿಗೂ ಒಂದು ಚಟವಿದೆ, ಹೊಸ ಆವೃತ್ತಿ ಬಂದಾಗಲೆಲ್ಲ ಜರಡಿ ಬದಲಿಸುತ್ತಾನೆ. ನಿನ್ನೆ ಬಿದ್ದ ಹಿಟ್ಟು ಇವತ್ತು ಬೀಳುವುದಿಲ್ಲ. ಬೇಸತ್ತ ‘ಹೈಪರ್‌ಲ್ಯಾಂಡ್’ ಎಂಬ ಕಂಪೋಸಿಟರ್ 2024ರಲ್ಲಿ ಬೇರೆ ಮನೆ ಮಾಡಿ, ‘ಅಕ್ವಾಮರೀನ್’ ಎಂಬ ಸ್ವಂತ ಬೀಸುಕಲ್ಲು ಹೂಡಿತು.

ಉಬುಂಟುವಿನ ಕ್ಯಾನೊನಿಕಲ್ ಕಂಪನಿಯದಂತೂ ಬಯಲಾಟ. ವೇಲ್ಯಾಂಡ್ ನಮಗೊಗ್ಗದು ಎಂದು 2013ರಲ್ಲಿ ಮುನಿಸಿಕೊಂಡು ‘ಮಿರ್’ ಕಟ್ಟಿತು. ಯಾವ ಅರಮನೆಗೆಂದು ಕಟ್ಟಿತೋ ಆ ‘ಯುನಿಟಿ 8’ ಎಂಬ ಡೆಸ್ಕ್‌ಟಾಪನ್ನೇ 2017ರಲ್ಲಿ ಕೈಬಿಟ್ಟಿತು. ಮಿರ್ ಈಗ ಏನು ಮಾಡುತ್ತಿದೆ? ವೇಲ್ಯಾಂಡ್ ಕಂಪೋಸಿಟರ್ ಕಟ್ಟುವವರಿಗೆ ಲೈಬ್ರರಿಯಾಗಿ ಬದುಕು ಸಾಗಿಸುತ್ತಿದೆ. ಜಗಳಾಡಿ ಹೋದ ಸೊಸೆ ಅದೇ ಓಣಿಯಲ್ಲಿ ಖಾನಾವಳಿ ಇಟ್ಟ ಹಾಗೆ.

ಇಷ್ಟೆಲ್ಲ ಕೇಳಿ, ಲ್ಯಾಪ್‌ಟಾಪ್ ನನ್ನ ತೊಡೆಗೆ ಎಳೆದುಕೊಂಡು ‘ತೊಗರಿ’ ಎಂದು ಒತ್ತಿದೆ. ಇಂಗ್ಲಿಷ್ ಅಕ್ಷರ ಸಾಲುಗಟ್ಟಿದವು.

"ಕನ್ನಡ ಎಲ್ಲದಪಾ?"

"ಅದು ಮುಂದಿನ ವರ್ಷನ್‌ದಾಗ ಮಾಮಾ. ಈಗ ಖಿಡಕಿ ಮೂಲಿ ಗುಂಡಗ ಮಾಡಾಕತ್ತೀನಿ."

ಎರಡು ತಿಂಗಳಿಂದ ಮೂಲೆ ಉಜ್ಜುತ್ತಿದ್ದಾನಂತೆ. ಅವನದೂ ಡಬ್ಲ್ಯುಎಲ್‌ರೂಟ್ಸ್ ಗಿರಣಿಯೇ; ಅದು ಉಳಿಸಿಕೊಟ್ಟ ಹೊತ್ತೆಲ್ಲ ರೊಟ್ಟಿಯ ಅಂಚು ಕತ್ತರಿಸುವುದಕ್ಕೇ ಹೋಗಿದೆ.

ಬೈಯಲು ಬಾಯಿ ತೆರೆದವನು ಮುಚ್ಚಿಕೊಂಡೆ. ನಮ್ಮ ಪೀಳಿಗೆ ಕಡಿದು ಕಟ್ಟೆ ಹಾಕಿದ್ದೇನು? ಕಂಪ್ಯೂಟರಿಗೆ ಕನ್ನಡ ಬಂದ ಕಾಲದಲ್ಲಿ ‘ಶ್ರೀಲಿಪಿ’ ತಂತ್ರಾಂಶಕ್ಕೆ ಒಂದು ಸಂಕೇತ, ‘ಆಕೃತಿ’ಗೆ ಇನ್ನೊಂದು, ‘ಬರಹ’ಕ್ಕೆ ಮತ್ತೊಂದು. ಒಬ್ಬರ ‘ಕ’ ಇನ್ನೊಬ್ಬರ ಮನೆಯಲ್ಲಿ ಫ್ರೆಂಚರ ಗೀರುಚುಕ್ಕೆಯಾಗಿ ಕಾಣುತ್ತಿತ್ತು. ಎಲ್ಲರಿಗೂ ಒಂದೇ ಸಂಕೇತವಾದ ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು. ಆದರೂ ಅಚ್ಚಿನ ಮನೆಗಳಿಂದ ಹಳೇ ಸಂಕೇತದ ಕಡತ ಇವತ್ತಿಗೂ ಬರುತ್ತದೆ. ಪುನರ್ಬಳಕೆ ಎಂಬ ಮಾತನ್ನು ನಾವು ಭಾಷಣದಲ್ಲಷ್ಟೇ ಪುನರ್ಬಳಸಿದ್ದೇವೆ.

ಆ ಗದ್ದಲದಲ್ಲಿ ಕೈಯಿಂದ ಕೈಗೆ ದಾಟಿ ಬಂದದ್ದು ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಕೀಲಿಮಣೆಗೆ ಆಧಾರ ಅದೇ; ‘ಕಗಪ’ ಎಂಬ ಹೆಸರು ಪರಿಷತ್ತಿನಿಂದಲೇ ಬಂದದ್ದು. ಆ ಕಗಪ ಲಿನಕ್ಸಿನ ಕೀಲಿಮಣೆಗಳ ಸಾರ್ವಜನಿಕ ಭಂಡಾರದಲ್ಲಿ ಬಹಳ ದಿನದಿಂದ ಕೂತಿದೆ. ಹುಡುಗನ ಗಿರಣಿ ಕೀಲಿಮಣೆ ತರುವುದೂ ಅದೇ ಭಂಡಾರದಿಂದ.

ಅವನ ಕಡತ ತೆರೆಸಿದೆ. ಲೇಔಟಿನ ಜಾಗದಲ್ಲಿ ‘ಯುಎಸ್’ ಎಂದಿತ್ತು. ಪಕ್ಕದಲ್ಲಿ ಇಂಡಿಯಾದ ‘ಇನ್’ ಸೇರಿಸು, ವೇರಿಯಂಟಿಗೆ ‘ಕನ್-ಕಗಪ’ ಬರಿ, ಅದಲುಬದಲಿಗೆ ಒಂದು ಕೀಲಿ ಗೊತ್ತುಮಾಡು ಎಂದೆ. ಎರಡು ನಿಮಿಷ ಹಿಡಿಯಿತು. ಮುಂದಿನ ವರ್ಷನ್ನಿಗೆ ಎತ್ತಿಟ್ಟ ಕನ್ನಡ ಅವನು ಗಿರಣಿಯಿಂದ ಹೊತ್ತು ತಂದ ಚೀಲದೊಳಗೇ ಇತ್ತು.

ಹುಡುಗ ಸ್ವಲ್ಪ ಹೊತ್ತು ಪರದೆ ನೋಡಿದ. ಆಮೇಲೆ ಕೇಳಿದ:

"ಮಾಮಾ, ಒತ್ತಕ್ಷರ ಹ್ಯಾಂಗ್ ಬರ್ತದ?"

"ನಡಕ ಎಫ್ ಒತ್ತು."