ಈಗ ಏನ್ ಮಾಡ್ಲಕತ್ತಿ?

ಕಲಬುರಗಿ ಸೀಮೆಯಲ್ಲಿ ವಿದ್ಯಾರ್ಥಿಯ ಸಾಧನೆಯನ್ನು ಅಳೆಯಲು ಎರಡು ಪದ್ಧತಿಗಳು ಬಳಕೆಯಲ್ಲಿದ್ದು, ಮೊದಲನೆಯದನ್ನು ವಿಶ್ವವಿದ್ಯಾಲಯವೂ ಎರಡನೆಯದನ್ನು ಬಂಧುಬಳಗವೂ ನಡೆಸಿಕೊಂಡು ಬಂದಿವೆ. ಮೊದಲನೆಯದರಲ್ಲಿ ಅಂಕಪಟ್ಟಿ, ದರ್ಜೆ, ಚಿನ್ನದ ಪದಕಗಳಿದ್ದರೆ, ಎರಡನೆಯದರಲ್ಲಿ ಇರುವುದು ಒಂದೇ ಪ್ರಶ್ನೆ: ‘ಈಗ ಏನ್ ಮಾಡ್ಲಕತ್ತಿ ತಮ್ಮಾ?’ ಮೊದಲನೆಯದು ಸೆಮಿಸ್ಟರಿಗೊಮ್ಮೆ ಬಂದು ಹೋಗುತ್ತದೆ. ಎರಡನೆಯದಕ್ಕೆ ವೇಳಾಪಟ್ಟಿಯಿಲ್ಲ, ಮದುವೆ ಮಂಟಪ, ಜಾತ್ರೆ, ಬಸ್‌ಸ್ಟ್ಯಾಂಡುಗಳೆಲ್ಲವೂ ಅದರ ಪರೀಕ್ಷಾ ಕೇಂದ್ರಗಳೇ.

ಪದವಿಗೆ ಈ ನಗರದಲ್ಲಿ ಬರವಿಲ್ಲ. 1958ರಲ್ಲಿ ಪಿ.ಡಿ.ಎ. ಎಂಜಿನಿಯರಿಂಗ್ ಕಾಲೇಜು, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 2017ರಲ್ಲಿ ಶರಣಬಸವ ವಿಶ್ವವಿದ್ಯಾಲಯ ಹುಟ್ಟಿಕೊಂಡವು. 2009ರ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ರಸ್ತೆಯ ಕಡಗಂಚಿಯಲ್ಲಿ ನೆಲೆಸಿದೆ. ಹುಮನಾಬಾದ ರಸ್ತೆಯ ಕಮಲಾಪುರದಿಂದ ನಗರದ ಕಾಲೇಜಿಗೆ ಬರುವ ವಿದ್ಯಾರ್ಥಿಯು ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುವ ಕಲೆಯಲ್ಲಿ ಮೊದಲ ವರ್ಷವೇ ಪ್ರಾವೀಣ್ಯ ಪಡೆಯುತ್ತಾನಾದರೂ, ಅದಕ್ಕೆ ಆಂತರಿಕ ಅಂಕ ಕೊಡುವ ಪದ್ಧತಿ ಇನ್ನೂ ಬಂದಿಲ್ಲ.

ಪದವಿಯ ನಂತರದ ಹಂತಕ್ಕೆ ‘ತಯಾರಿ’ ಎನ್ನುತ್ತಾರೆ. ತಯಾರಿಯೆಂದರೆ ಎಸ್‌ಡಿಎ, ಎಫ್‌ಡಿಎ, ಪಿಡಿಒ, ಪಿಎಸ್‌ಐ ಮೊದಲಾದ ಎಲ್ಲ ನೇಮಕಾತಿ ಪರೀಕ್ಷೆಗಳಿಗೂ ಒಮ್ಮೆಗೇ ಓದುವುದು. ಅಧಿಸೂಚನೆ ಹೊರಡುವ ಮೊದಲೇ ಆರಂಭವಾಗಿ, ಕೀ ಉತ್ತರ, ಆಕ್ಷೇಪಣೆ, ತಾತ್ಕಾಲಿಕ ಪಟ್ಟಿ, ತಡೆಯಾಜ್ಞೆಗಳನ್ನು ದಾಟಿ ಮುಂದಿನ ಅಧಿಸೂಚನೆಯವರೆಗೂ ಸಾಗುವ ಈ ವ್ಯಾಸಂಗಕ್ಕೆ ಪಠ್ಯಕ್ರಮವುಂಟು, ಘಟಿಕೋತ್ಸವವಿಲ್ಲ. ‘ಓದ್ಲಕತ್ತೀನ್ರಿ ಕಾಕಾ’ ಎಂಬ ಉತ್ತರಕ್ಕೆ ‘ಡಿಗ್ರಿ ಮುಗದದ ಅಂದಿದ್ದೆಲ್ಲಾ?’ ಎಂಬ ಮರುಪ್ರಶ್ನೆ ಸಿದ್ಧವಾಗಿಯೇ ಇರುತ್ತದೆ.

ಈ ತಯಾರಿಗೆ ಬಲ ತುಂಬಿದ್ದು 371(ಜೆ) ವಿಧಿ, ಅಂದರೆ ಹಿಂದುಳಿದ ಈ ಪ್ರದೇಶಕ್ಕೆಂದು 2012ರ 98ನೇ ತಿದ್ದುಪಡಿಯ ಮೂಲಕ ಸಂವಿಧಾನದಲ್ಲಿ ಸೇರಿದ ವಿಶೇಷ ಸೌಲಭ್ಯ. ಅದರಡಿ ಸ್ಥಳೀಯ ವೃಂದದ ‘ಸಿ’ ದರ್ಜೆಯ ಹುದ್ದೆಗಳಲ್ಲಿ ಶೇ. 80, ‘ಡಿ’ ದರ್ಜೆಯವುಗಳಲ್ಲಿ ಶೇ. 85 ಸ್ಥಳೀಯರಿಗೆ ಮೀಸಲು. ಶೇಕಡಾ ಲೆಕ್ಕ ಸ್ಪಷ್ಟವಾಗಿದೆ. ಆದರೆ ಹುದ್ದೆ ಭರ್ತಿಗೆ ಕರೆಯುವವರೆಗೆ ಸೊನ್ನೆಯ ಶೇ. 80 ಕೂಡ ಸೊನ್ನೆಯೇ ಎಂಬುದನ್ನು ಗಣಿತದ ಪದವೀಧರರು ಬಲ್ಲರು, ಕಲಾ ಪದವೀಧರರು ಅನುಭವದಿಂದ ಕಲಿಯುತ್ತಾರೆ.

ಪ್ರಮಾಣಪತ್ರದ ಲಾಭವನ್ನು ನಿಜವಾಗಿ ಉಂಡದ್ದು ಕಮಲಾಪುರದ ಕೆಂಪು ಬಾಳೆ. ಇಂಥ ಊರಿನ ಬೆಳೆಗೆ ಇಂಥ ಗುಣವಿದೆಯೆಂದು ಕಾನೂನು ಒಪ್ಪಿಕೊಳ್ಳುವ ಭೌಗೋಳಿಕ ಸೂಚಕ ಎಂಬ ಮಾನ್ಯತೆ ಅದಕ್ಕೆ ಸಿಕ್ಕಿದೆ. ಉಳಿದ ತಳಿಗಳಿಗಿಂತ ತಡವಾಗಿ ಗೊನೆ ಬಿಡುವ ಈ ಬಾಳೆಯನ್ನು ತಡವಾಯಿತೆಂದು ಯಾರೂ ಹಂಗಿಸುವುದಿಲ್ಲ, ಬದಲಿಗೆ ಹೆಚ್ಚಿನ ದರ ಕೊಟ್ಟು ಕೊಳ್ಳುತ್ತಾರೆ. ಅದೇ ತೋಟದ ಮನೆಯ ಮಗ ಮೂರು ವರ್ಷದ ಪದವಿಗೆ ನಾಲ್ಕು ವರ್ಷ ತೆಗೆದುಕೊಂಡರೆ ಮಾತ್ರ ಓಣಿಯೆಲ್ಲ ಲೆಕ್ಕ ಹಾಕುತ್ತದೆ.

ಬಂಧುಗಳ ಪ್ರಶ್ನೆಯನ್ನು ಸರ್ಕಾರವೂ ಕೇಳತೊಡಗಿದ್ದು ಇತ್ತೀಚಿನ ಬೆಳವಣಿಗೆ. 2024ರ ಜನವರಿಯಲ್ಲಿ ಹಣ ಪಾವತಿ ಆರಂಭಿಸಿದ ಯುವನಿಧಿ ಯೋಜನೆಯು, ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಕೊಡುತ್ತದೆ. ಪ್ರಶ್ನೆ ತಪ್ಪಿಸಿಕೊಳ್ಳಲೆಂದು ಎಂ.ಎ. ಸೇರಿದವರು ಇದಕ್ಕೆ ಅನರ್ಹರು. ಇನ್ನೂ ಕೆಲಸ ಸಿಕ್ಕಿಲ್ಲವೆಂದು ಫಲಾನುಭವಿಯು ಕಾಲಕಾಲಕ್ಕೆ ಸ್ವಯಂ ಘೋಷಣೆ ಸಲ್ಲಿಸಬೇಕು. ಕಾಕಾ ಕೇಳುವುದೂ ಇದೇ ಘೋಷಣೆಯನ್ನಾದರೂ ಅವರ ಕಡೆಯಿಂದ ಬಿಡಿಗಾಸೂ ಬಿಡುಗಡೆಯಾಗುವುದಿಲ್ಲ. ಪ್ರಶ್ನೆ ಕೇಳುವವರೇ ಭತ್ಯೆ ಕೊಡಬೇಕೆಂಬ ನಿಯಮವನ್ನು ಬಂಧುಬಳಗಕ್ಕೂ ವಿಸ್ತರಿಸಿದರೆ, ಜಿಲ್ಲೆಯ ಪದವೀಧರರೆಲ್ಲ ಒಂದೇ ವಾರದಲ್ಲಿ ಯಶಸ್ವಿಗಳೆಂದು ಪರಿಗಣಿಸಲ್ಪಡುವುದರಲ್ಲಿ ಸಂಶಯವಿಲ್ಲ.