ಚಾಕುರಾಯರು

ಪುಣೆಯ ಹಡಪಸರದ ಮಗ್ಗುಲಲ್ಲಿರುವ ಮಗರಪಟ್ಟಾದಲ್ಲಿ ಒಂದು ಕಾಲಕ್ಕೆ ಕಬ್ಬು ಬೆಳೆಯುತ್ತಿತ್ತು, ಕೈಗೊಂದು ಕೊಯ್ತಾ, ಅಂದರೆ ಕಬ್ಬು ಕಡಿಯುವ ಕತ್ತಿ, ಇರುತ್ತಿತ್ತು. 2000ದ ಸುಮಾರಿಗೆ ನೂರಕ್ಕೂ ಹೆಚ್ಚು ರೈತ ಕುಟುಂಬಗಳು ಹೊಲ ಮಾರಿ ಕೈತೊಳೆದುಕೊಳ್ಳದೆ, ಸುಮಾರು 400 ಎಕರೆ ಒಟ್ಟುಗೂಡಿಸಿ ತಾವೇ ಊರು ಕಟ್ಟಿಸಿದವು. ಕಬ್ಬಿದ್ದ ಜಾಗದಲ್ಲಿ ಸೈಬರ್ ಸಿಟಿ ಎದ್ದಿತು. ಕೊಯ್ಯುವ ಕೆಲಸ ಮುಗಿಯಿತು. ಆದರೂ ಈ ಊರಿನಲ್ಲಿ ಕೊಯ್ಯಲು ಏನಾದರೂ ಸಿಕ್ಕೀತೇ ಎಂದು ಬೆಳಗಿನಿಂದ ರಾತ್ರಿಯವರೆಗೆ ಹುಡುಕುವವರೊಬ್ಬರು ಉಳಿದಿದ್ದಾರೆ. ಅವರೇ ಚಾಕುರಾಯರು.

ಮನೆಯವರು ಇಟ್ಟ ಹೆಸರು ಬೇರೆ, ಇದು ನೆರೆಹೊರೆ ಇಟ್ಟಿದ್ದು. ಇಲ್ಲಿನ ಸೊಸೈಟಿಗಳಿಗೆ ಡ್ಯಾಫೊಡಿಲ್ಸ್, ಐರಿಸ್, ಕಾಸ್ಮೋಸ್ ಎಂದು ಹೂವಿನ ಹೆಸರುಗಳು. ಯಾವ ಹೂವಿಗೆ ಹೋದರೂ ಒಬ್ಬ ಚಾಕುರಾಯರು ಸಿಗುತ್ತಾರೆ. ನಮ್ಮ ಚಾಕುರಾಯರು ಧಾರವಾಡದ ಕಡೆಯವರು. ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್. ದಿನವಿಡೀ ಮೀಟಿಂಗು, ಕೈಯಿಂದ ಮುಟ್ಟಿ ನೋಡುವಂಥದ್ದು ಒಂದೂ ಹುಟ್ಟದ ಕೆಲಸ. ಇಂಥ ಮನುಷ್ಯನ ಕೈಗೆ ಒಂದು ಚೂಪಾದ ವಸ್ತು ಬಂದರೆ ಏನಾಗುತ್ತದೆ? ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ.

ರಾಯರ ಚಾಕು ಸ್ವೀಡನ್ನಿನದು. ಅಲ್ಲಿನ ಮೋರಾ ಎಂಬ ಊರಿನಲ್ಲಿ 1891ರಿಂದಲೂ ಚಾಕು ಮಾಡುವ ಕಾರ್ಖಾನೆ ಇದೆಯಂತೆ. ಇದನ್ನು ಕೇಳದೆ ಅವರ ಮನೆಯಲ್ಲಿ ಚಹಾ ಕುಡಿದವರಿಲ್ಲ. ಅಲಗು 4 ಇಂಚಿಗೆ ಸ್ವಲ್ಪ ಹೆಚ್ಚು, ರಬ್ಬರಿನ ಹಿಡಿ, ಪ್ಲಾಸ್ಟಿಕ್ಕಿನ ಒರೆ. ಮಡಚಲು ಬರುವುದಿಲ್ಲ. ತಂದದ್ದು ಸಿಂಹಗಡ ಹತ್ತುವಾಗ ಬೇಕಾದೀತೆಂದು. ಆದರೆ ಸಿಂಹಗಡದ ಮೇಲೆ ಬಿಸಿ ಪಿಠ್ಲ-ಭಾಕರಿ, ಮಣ್ಣಿನ ಕುಡಿಕೆಯಲ್ಲಿ ಮೊಸರು ಮಾರುವವರು ಸಾಲಾಗಿ ಕೂತಿರುತ್ತಾರೆ. ಅಲ್ಲಿ ಮನುಷ್ಯನಿಗೆ ಬೇಕಾಗುವುದು ಹಸಿವು ಮತ್ತು ಚಿಲ್ಲರೆ. ಚಾಕು ಒರೆಯಿಂದ ಹೊರಬರದೆ ಬೆಟ್ಟ ಇಳಿಯಿತು. ಅಂದಿನಿಂದ ಅದಕ್ಕೆ ಮನೆಯಲ್ಲೇ ನೌಕರಿ.

ರಾಯರದೊಂದು ಸಿದ್ಧಾಂತವಿದೆ. ಮಡಚುವ ಚಾಕುವಿನ ಕೀಲಿನಲ್ಲಿ ಮಾವಿನ ರಸ, ಧೂಳು, ಬೆಣ್ಣೆ ಎಲ್ಲ ಸೇರಿಕೊಳ್ಳುತ್ತದೆ; ಕೀಲು ಸಡಿಲಾದರೆ ಬೆರಳಿಗೇ ಅಪಾಯ. ಮಡಚದ ಚಾಕುವಿಗೆ ಕೀಲೇ ಇಲ್ಲ. ತೊಳೆದು, ಒರೆಸಿ, ಒರೆಗೆ ಹಾಕಿದರೆ ಮುಗಿಯಿತು. ಮಾತು ನಿಜವೇ. ಇದನ್ನು ಅವರು ಸವಿಸ್ತಾರವಾಗಿ ವಿವರಿಸುತ್ತಿದ್ದಾಗ, ಅಡುಗೆಮನೆಯಲ್ಲಿ ಮೆಂತ್ಯ ಸೊಪ್ಪು ಹೆಚ್ಚುತ್ತಿದ್ದ ಅವರ ಶ್ರೀಮತಿ ತಲೆ ಎತ್ತದೆ ಹೇಳಿದರು: “ನಮ್ಮವ್ವ ಕೊಟ್ಟ ಈಳಗಿನೂ ಮಡಚೂದಿಲ್ರೀ. ಅದಕ್ಕ ಸ್ವೀಡನ್ನಿಗೆ ಹೋಗಬೇಕಾಗಿರಲಿಲ್ಲ.”

ಮೊದಮೊದಲು ಚಾಕು ಕೊರಿಯರ್ ಡಬ್ಬಗಳ ಟೇಪು ಕತ್ತರಿಸುತ್ತಿತ್ತು. ಡಬ್ಬ ಬರುವುದು ನಿಂತಾಗ ರಾಯರು ಹೊಸ ಡಬ್ಬ ತರಿಸಿದರು. ಆಮೇಲೆ ಹಾಲಿನ ಪ್ಯಾಕೆಟ್ಟಿನ ಮೂಲೆ, ಮಗಳ ಪೆನ್ಸಿಲ್ಲು, ದೀಪದ ತಟ್ಟೆಗೆ ಅಂಟಿದ ಮೇಣ, ಚಾರ್ಜರ್ ವೈರಿನ ಸಿಪ್ಪೆ, ಕುಂಡದ ಸತ್ತ ಎಲೆ. ಮಗಳು ಶಾಲೆಗೆ ಹೋಗುವುದು ಈಟಿಯಂಥ ಪೆನ್ಸಿಲ್ಲು ಹಿಡಿದು. ಮೇ ತಿಂಗಳಲ್ಲಿ ಹಾಪುಸ್ ಮಾವಿನಹಣ್ಣಿನ ಮರದ ಪೆಟ್ಟಿಗೆ ಬಂದಾಗ ಮಾತ್ರ ಅವರು ಹಿಂದೆ ಸರಿದರು. “ಮೀಟಿ ಮೊಳೆ ಕೀಳೋದು ಚಾಕುವಿಗೆ ಅಪಮಾನ, ಅಲಗು ಮುರೀತದ” ಎಂದರು. ಪೆಟ್ಟಿಗೆ ತೆಗೆದದ್ದು ಶ್ರೀಮತಿ, ಸೌಟಿನ ಹಿಡಿಯಿಂದ.

ಇಷ್ಟರವರೆಗೆ ಮನೆ ಸಹಿಸಿತು. ಒಂದು ಭಾನುವಾರ ಮಧ್ಯಾಹ್ನ ರಾಯರು ಕಡಕ್ ಜೋಳದ ರೊಟ್ಟಿಯನ್ನು ಚಾಕುವಿನಿಂದ ನಾಲ್ಕು ಸಮಭಾಗ ಮಾಡಲು ಹೊರಟರು. ಒಂದು ಚೂರು ಫ್ರಿಜ್ಜಿನ ಮೇಲೆ, ಒಂದು ಎಣ್ಣೆಗಾಯಿಯಲ್ಲಿ, ಉಳಿದದ್ದು ಗೂಗಲ್ ಮ್ಯಾಪಿಗೂ ಗೊತ್ತಿಲ್ಲ. ಸೋಲೊಪ್ಪದೆ ಉಳ್ಳಾಗಡ್ಡಿಗೆ ಕೈ ಹಾಕಿದಾಗ, ಊರಿಂದ ಬಂದಿದ್ದ ಅವರ ತಾಯಿ ಅದನ್ನು ಕಸಿದುಕೊಂಡು, ನೆಲದ ಮೇಲಿಟ್ಟು, ಒಂದೇ ಗುದ್ದು ಗುದ್ದಿದರು. “ಉಳ್ಳಾಗಡ್ಡಿ ಗುದ್ದಿ ತಿನ್ನಬೇಕೋ ತಮ್ಮಾ. ಕೊಯ್ದು ತಿಂದ್ರ ರೊಟ್ಟಿಗೆ ಸಿಟ್ಟು ಬರ್ತದ.”

ಮನೆಯಲ್ಲಿ ಮರ್ಯಾದೆ ಸಿಗದ ವಿದ್ಯೆಯನ್ನು ರಾಯರು ಬೀದಿಗೊಯ್ದರು. ಗೇಟಿನ ಹೊರಗೆ ಎಳನೀರಿನವನು ಕೊಯ್ತಾದಿಂದ ಮೂರೇ ಏಟಿಗೆ ಕಾಯಿ ಕೆತ್ತುತ್ತಿದ್ದ. ಇವರು ಒರೆಯಿಂದ ಚಾಕು ತೆಗೆದು, “ಭಾವು, ಇದರಲ್ಲೊಮ್ಮೆ ನೋಡು” ಎಂದು ತಮ್ಮ ಮರಾಠಿಯಲ್ಲಿ ನೀಡಿದರು. ಅವನು ಹೆಬ್ಬೆರಳಿನಿಂದ ಧಾರ ನೋಡಿದ, ತೂಗಿದ, ಮೆಚ್ಚಿ ತಲೆದೂಗಿದ. ವಿನಯದಿಂದ ಹಿಂತಿರುಗಿಸಿ ಹೇಳಿದ: “ಸಾಹೇಬ್, ಪೆನ್ಸಿಲೀಸಾಠಿ ಛಾನ್ ಆಹೆ.” ಪೆನ್ಸಿಲ್ಲಿಗೆ ಚೆನ್ನಾಗಿದೆ ಅಂತ.

ಚಾಕು ಗೇಟು ದಾಟುವುದಕ್ಕೆ ಶ್ರೀಮತಿಯವರು ಅಂದೇ ತಡೆಯಾಜ್ಞೆ ಹೊರಡಿಸಿದರು. ಪುಣೆಯ ಪತ್ರಿಕೆಗಳಲ್ಲಿ ಕೊಯ್ತಾ ಝಳಪಿಸಿ ಹೆದರಿಸುವ ‘ಕೊಯ್ತಾ ಗ್ಯಾಂಗಿ’ನ ಸುದ್ದಿ ಬರುವ ಕಾಲ. ಪೊಲೀಸರಿಗೆ ಮೋರಾ ಊರಿನ ಚರಿತ್ರೆ ಕೇಳಲು ಪುರುಸೊತ್ತಿರುವುದಿಲ್ಲ. ರಾಯರು ಕೂಡಲೇ ಕಾನೂನು ಬಿಚ್ಚಿದರು. ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಮಾತ್ರ ಅದು ಆಯುಧ. ಅದರಲ್ಲೂ ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದ್ದಕ್ಕೆ ವಿನಾಯಿತಿ. ಅವರ ಚಾಕು ಅದರ ಅರ್ಧದಷ್ಟೂ ಇಲ್ಲ. ಆದರೂ ‘ಮನೆಗೆಲಸ’ ಎಂಬ ಆ ಶಬ್ದ ಅವರ ತಲೆಯೊಳಗೆ ಕೂತುಬಿಟ್ಟಿದೆ. ಯಾರೂ ಕೇಳದ ಸಾಕ್ಷ್ಯವನ್ನು ದಿನಾ ಒದಗಿಸುತ್ತಿದ್ದಾರೆ: ಇವತ್ತು ಪರಂಗಿ ಹಣ್ಣು, ನಾಳೆ ಕರ್ಟನ್ನಿನ ದಾರ.

ಧಾರ ಹಿಡಿಯುವುದು ಇನ್ನೊಂದು ಅಧ್ಯಾಯ. ಸಾಣೆಕಲ್ಲು ನೀರಿನಲ್ಲಿ ನೆನೆದಿರುತ್ತದೆ, ಹಳೆಯ ಚರ್ಮದ ಬೆಲ್ಟು ಬಾಗಿಲ ಹಿಡಿಗೆ ಜೋತಾಡುತ್ತಿರುತ್ತದೆ. ಧಾರ ಬಂತೋ ಇಲ್ಲವೋ ಎಂಬುದಕ್ಕೆ ಎರಡು ಪರೀಕ್ಷೆ. ಮೊದಲನೆಯದು ಪೇಪರ್ ಸೀಳುವುದು. ಹೀಗಾಗಿ ಆ ಮನೆಯಲ್ಲಿ ಪದಬಂಧ ಪೂರ್ತಿ ಬಿಡಿಸಿದವರಿಲ್ಲ. ಎರಡನೆಯದು ಕೈಯ ರೋಮ ಬೋಳಿಸುವುದು. ರಾಯರು ಕಡುಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಹಾಕುವುದನ್ನು ನೋಡಿ ಆಫೀಸಿನವರು ಶಿಸ್ತು ಎಂದುಕೊಂಡಿದ್ದಾರೆ. ಅವರ ಎಡ ಮುಂಗೈ ನುಣ್ಣಗೆ, ಬಲಗೈ ಕಾಡು. “ಮೊಂಡ ಚಾಕುನೇ ಅಪಾಯ, ಒತ್ತಿದ್ರ ಜಾರ್ತದ” ಎಂದು ನೆರೆಮನೆಯವರ ಚಾಕುಗಳನ್ನೂ ಪುಕ್ಕಟೆ ಹರಿತ ಮಾಡಿಕೊಡುತ್ತಾರೆ. ಅವರು ಹೇಳುವುದು ಸರಿ. ಆದರೆ ವರ್ಷಗಟ್ಟಲೆ ಮೊಂಡ ಚಾಕುವಿಗೆ ಒಗ್ಗಿದ ಕೈಗಳು ಅದೇ ಬಲ ಹಾಕುತ್ತವೆ. ಅವರು ಚಾಕು ಹಿಂತಿರುಗಿಸಿದ ವಾರ ಆ ಮಹಡಿಯಲ್ಲಿ ಎಲ್ಲರ ಬೆರಳಿಗೂ ಬ್ಯಾಂಡೇಜು.

ರಾಯರಿಗೆ ವರ್ಷದಲ್ಲಿ ಒಂದೇ ಕಷ್ಟದ ದಿನ, ಆಯುಧಪೂಜೆ. ಮರಾಠಿಯವರಿಗೆ ಅದು ಖಂಡೇನವಮಿ. ಚಾಕು ಅಂದು ಕುಂಕುಮ ಹಚ್ಚಿಕೊಂಡು, ಚೆಂಡುಹೂ ಮುಡಿದು, ಲ್ಯಾಪ್‌ಟಾಪ್ ಮತ್ತು ಈಳಿಗೆಯ ನಡುವೆ ಕೂರುತ್ತದೆ. ಪೂಜೆಗಿಟ್ಟ ಸಾಮಾನನ್ನು ಅಂದು ಮುಟ್ಟುವಂತಿಲ್ಲ. ಕಳೆದ ಸಲ ಅದೇ ಹೊತ್ತಿಗೆ ಒಂದು ಕೊರಿಯರ್ ಬಂತು. ರಾಯರು ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಉಗುರಿನಿಂದ ಟೇಪಿನ ತುದಿ ಕೆರೆದರು, ಹಲ್ಲಿನಿಂದ ಕಚ್ಚಿದರು, ಬೆವರಿದರು. ಮಗಳು ಬಂದು ಮನೆ ಬೀಗದ ಕೈಯಿಂದ ಟೇಪನ್ನು ಒಂದೇ ಗೀರಿಗೆ ಹರಿದು ಹೋದಳು. ಒಳಗಿದ್ದದ್ದು ಹೊಸ ಸಾಣೆಕಲ್ಲು.

ನ್ಯಾಯವಾಗಿ ಹೇಳಬೇಕೆಂದರೆ, ಒಂದು ಕೆಲಸದಲ್ಲಿ ರಾಯರ ಚಾಕುವಿಗೆ ಸಾಟಿಯಿಲ್ಲ: ಹೊಸ ಸ್ಟೀಲ್ ಪಾತ್ರೆಗೆ ಅಂಟಿಸಿದ ಸ್ಟಿಕರು, ಗೀರು ಬೀಳದಂತೆ ಪೂರ್ತಿಯಾಗಿ ಏಳುವುದು ಅವರ ಕೈಯಲ್ಲಿ ಮಾತ್ರ. ಮಿಕ್ಕೆಲ್ಲಕ್ಕೂ ನಿಮ್ಮ ಮನೆಯ ಈಳಿಗೆ ಮಣೆ ಸಾಕು. ಇದನ್ನು ಅವರ ಕಿವಿಗೆ ಬೀಳದಂತೆ ನೋಡಿಕೊಳ್ಳಿ. ಬಿದ್ದರೆ ಸಂಜೆಗೇ ಬಂದು ಈಳಿಗೆಗೂ ಧಾರ ಹಿಡಿದುಕೊಟ್ಟು ಹೋಗುತ್ತಾರೆ.