ಮೆನು-ಮೀಮಾಂಸೆ: ಮಂಜಲ್‌ಪುರ ಪ್ರಸ್ಥಾನ

ನಾಟಕಕ್ಕೆ ಮೊದಲು ಪೂರ್ವರಂಗ ಆಗಲೇಬೇಕೆಂದು ಭರತಮುನಿ ವಿಧಿಸಿದ್ದಾನೆ. ಯಕ್ಷಗಾನದಲ್ಲೂ ಕೋಡಂಗಿ, ಬಾಲಗೋಪಾಲರು ಕುಣಿದು ಹೋದ ಮೇಲೆಯೇ ಪ್ರಸಂಗ. ಮನೆಯಲ್ಲೇ ಬರ್ನ್ ಮಾಡಿದ ಮದುವೆ ಡಿವಿಡಿಯಲ್ಲಿ ಈ ಸ್ಥಾನ ಕುಣಿಯುವ ಮೆನುವಿಗೆ ಸಲ್ಲತಕ್ಕದ್ದೆಂಬುದು ಇಲ್ಲಿನ ಪ್ರತಿಪಾದನೆ. ವ್ಯತ್ಯಾಸ ಒಂದೇ: ಭರತನ ಪೂರ್ವರಂಗ ಯಾವಾಗಲಾದರೂ ಮುಗಿಯುತ್ತದೆ.

ಅಧ್ಯಯನದ ಕ್ಷೇತ್ರ ವಡೋದರದ (ಹಳೆಯ ಬರೋಡಾದ) ಬಡಾವಣೆ ಮಂಜಲ್‌ಪುರ. ವಡೋದರದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1950ರಿಂದ ಲಲಿತಕಲಾ ವಿಭಾಗವಿದೆ. ಬರೋಡಾ ಚಿತ್ರಕಲೆಯ ಬಗ್ಗೆ ಪುಟಗಟ್ಟಲೆ ಬರೆದ ಪಂಡಿತರು ಬರೋಡಾ ಮೆನುವಿನ ಬಗ್ಗೆ ಬಾಯಿಬಿಟ್ಟಿಲ್ಲ.

ಇನ್ನು ಕಾಲನಿರ್ಣಯ. 1993ರ ವಿಸಿಡಿಯದು ಆದಿಯುಗ. ಅಲ್ಲಿ ಮೆನು ಇದ್ದರೂ ಅದು ಸಾಮಾನ್ಯವಾಗಿ ಅಲುಗಾಡದ ಚಿತ್ರಪಟ. 1996ರಲ್ಲಿ ಜಪಾನಿನಲ್ಲಿ ಡಿವಿಡಿ ಅವತರಿಸಿತು. 2001ರಲ್ಲಿ ಸ್ಟೀವ್ ಜಾಬ್ಸ್ ಐಡಿವಿಡಿ ಎಂಬ ತಂತ್ರಾಂಶ ತಂದ ಮೇಲೆ ಗೃಹಸ್ಥರಿಗೂ ಮೆನುರಚನೆಯ ಅಧಿಕಾರ ಪ್ರಾಪ್ತವಾಯಿತು. 2007ರಲ್ಲಿ ಮೋಸರ್ ಬೇರ್ ಕಂಪನಿ ಸಿನಿಮಾ ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿತು. ಮೂವತ್ತನಾಲ್ಕು ರೂಪಾಯಿಯ ಸಿನಿಮಾಕ್ಕೇ ಮೆನು ಇರುವಾಗ, ಲಕ್ಷಗಟ್ಟಲೆ ಸುರಿದ ಮದುವೆಗೆ ಇಲ್ಲದಿದ್ದರೆ ಬೀಗರು ಏನಂದುಕೊಂಡಾರು?

ಲಕ್ಷಣ: ಹಿನ್ನೆಲೆ ಕುಣಿಯತಕ್ಕದ್ದು, ಗುಂಡಿ ನಿಲ್ಲತಕ್ಕದ್ದು. ಹಿಂದೆ ಮರಳಿ ಮರಳಿ ಓಡುವುದು, ಮದುಮಗಳು ತಲೆ ಎತ್ತುವಂಥ ಮಾಮೂಲಿ ವಿಡಿಯೋ. ರಿಮೋಟ್ ಒತ್ತಿದಾಗ ಗುಂಡಿಯ ಮೇಲೆ ಹೊಳೆಯುವುದು ಸಬ್‌ಪಿಕ್ಚರ್ ಎಂಬ ಬೇರೆಯೇ ಪದರ. ಅದಕ್ಕೆ ನಾಲ್ಕೇ ವರ್ಣ, ಅದರಲ್ಲೂ ಒಂದು ಸಾಮಾನ್ಯವಾಗಿ ಪಾರದರ್ಶಕತೆಗೆ ಮೀಸಲು. ಹಾಗಾಗಿ ವಧುವಿನ ಹೆಸರಿನ ಸುತ್ತ ಎಷ್ಟೇ ನಯವಾದ ಚಿನ್ನದ ಬಳ್ಳಿ ಬಿಡಿಸಿದರೂ ಟಿವಿಯಲ್ಲಿ ಅದರ ಅಂಚು ಗರಗಸದ ಹಲ್ಲಿನಂತೆ ಕಾಣುತ್ತದೆ. ಸಮಾಧಾನವೆಂದರೆ ಒಂದು ತೆರೆಯಲ್ಲಿ 36 ಗುಂಡಿಗಳಿಗೆ ಅವಕಾಶವಿದೆ. ಕನ್ನಡದ ಹುಡುಗಿ ಗುಜರಾತಿ ಮನೆ ಸೇರಿದರೆ ನಾಂದಿ, ಧಾರೆಗಳ ಪಕ್ಕದಲ್ಲೇ ಪೀಠಿ, ಗರ್ಬಾ, ಹಸ್ತಮೇಳಾಪಗಳೂ ಕೂತುಕೊಳ್ಳುತ್ತವೆ. ಯಾರ ಕಡೆಯ ಶಾಸ್ತ್ರವನ್ನೂ ಬಿಡಬೇಕಾಗಿಲ್ಲ.

ದೋಷಗಳು ಎರಡು. ಮೊದಲನೆಯದು ಆವೃತ್ತಿಭಂಗ. ಲೂಪ್ ಮುಗಿದೊಡನೆ ಪ್ಲೇಯರಿನ ಲೇಸರ್ ಮತ್ತೆ ಆರಂಭಕ್ಕೆ ಜಿಗಿಯಬೇಕು. ಆ ಕ್ಷಣ ಹಾಡು ಕಡಿಯುತ್ತದೆ, ಅರ್ಧ ತಲೆ ಎತ್ತಿದ್ದ ಮದುಮಗಳು ಗಕ್ಕನೆ ತಲೆ ತಗ್ಗಿಸುತ್ತಾಳೆ. ಮೊದಲ ಮತ್ತು ಕೊನೆಯ ಚೌಕಟ್ಟುಗಳು ಒಂದೇ ಇರುವಂತೆ ಹೆಣೆದರೆ ತಲೆ ಉಳಿಯುತ್ತದೆ, ಹಾಡು ಉಳಿಯುವುದಿಲ್ಲ. ಎರಡನೆಯದು ಪ್ರಾಂತಲೋಪ. ಹಳೆಯ ಡಬ್ಬಾ ಟಿವಿಗಳು ಚಿತ್ರದ ಅಂಚನ್ನು ನುಂಗುತ್ತವೆ. ಅಂಚಿನಲ್ಲಿ ಹೆಸರು ಹಾಕಿಸಿಕೊಂಡ ಸೋದರಮಾವ ಕಂಪ್ಯೂಟರಿನಲ್ಲಿ ಇರುತ್ತಾನೆ, ಟಿವಿಯಲ್ಲಿ ಇರುವುದಿಲ್ಲ. ಬಾಂಧವ್ಯದ ದೃಷ್ಟಿಯಿಂದ ಇದೇ ಘೋರತರ.

ಗಣಿತವನ್ನೂ ನೋಡೋಣ. ಸೆಕೆಂಡಿಗೆ 8 ಮೆಗಾಬಿಟ್‌ನಂತೆ 30 ಸೆಕೆಂಡಿನ ಮೆನು 30 ಮೆಗಾಬೈಟ್ ತಿನ್ನುತ್ತದೆ. ಆರು ಮೆನುಗಳಿಗೆ 180. ಸಾಮಾನ್ಯ ಡಿಸ್ಕಿನ ಧಾರಣಶಕ್ತಿ 4.7 ಗಿಗಾಬೈಟ್ ಮಾತ್ರ. ಉದ್ದನೆಯ ಮದುವೆಯನ್ನು 4 ಮೆಗಾಬಿಟ್‌ಗೆ ಹಿಂಡಿ ತುಂಬಿದ್ದರೆ, ಮೆನುಗಳು ನುಂಗಿದ್ದು ಆರು ನಿಮಿಷದ ಮದುವೆ. ಸಪ್ತಪದಿಗೆ ಅಷ್ಟು ಸಾಕು.

ಪೂರ್ವಪಕ್ಷ: ಮೆನು ಇರುವುದು ಬೇಕಾದ ಅಧ್ಯಾಯವನ್ನು ಆರಿಸಿಕೊಳ್ಳುವುದಕ್ಕೆ. ಇದು ಅನುಭವವಿರೋಧ. ಡಿಸ್ಕ್ ಹಾಕಿದ ಮೇಲೆ ರಿಮೋಟ್ ಸೋಫಾ ಸಂದಿಗೆ ಸೇರುತ್ತದೆ. ಚಹಾ, ಖಾಖ್ರಾ ಬರುತ್ತವೆ. ಸೀರೆಯ ಬೆಲೆ, ಹುಡುಗನ ವರ್ಗಾವಣೆ, ಮಕರ್‌ಪುರದ ಟ್ರಾಫಿಕ್ಕು ಚರ್ಚೆಗೆ ಬರುತ್ತವೆ. 30 ಸೆಕೆಂಡಿನ ಮೆನು ಸುತ್ತುತ್ತಲೇ ಇದ್ದು, ಒಂದು ಗಂಟೆಯಲ್ಲಿ ಮದುಮಗಳು ತಲೆ ಎತ್ತುವುದು 120 ಸಲ. ಅಷ್ಟರಲ್ಲಿ ನೆಂಟರು ಚಪ್ಪಲಿ ಮೆಟ್ಟಿ, ‘ವಿಡಿಯೋ ಬಹಳ ಚೆನ್ನಾಗಿ ಬಂದಿದೆ’ ಎಂದು ಹೊರಡುತ್ತಾರೆ. ಆದ್ದರಿಂದ ಮೆನುವೇ ಕೃತಿ, ಮದುವೆ ಅದರ ಅನುಬಂಧ ಎಂದು ಸಿದ್ಧಾಂತ.

ವಿಂಡೋಸ್ 7ರಲ್ಲಿದ್ದ ಡಿವಿಡಿ ಮೇಕರ್ ವಿಂಡೋಸ್ 8ರಲ್ಲಿ ಮಾಯವಾಯಿತು, ಲ್ಯಾಪ್‌ಟಾಪುಗಳಿಂದ ಡ್ರೈವೂ ಹೋಯಿತು. ಈಗ ಪೆನ್‌ಡ್ರೈವಿನ ಕಾಲ. ಅದರಲ್ಲಿ ಪೂರ್ವರಂಗವಿಲ್ಲ, ಫೈಲ್ ಒತ್ತಿದೊಡನೆ ಧಾರೆಯೇ ಶುರು. ಚಹಾಕ್ಕೆಂದು ಬಂದವರು ಮೂರು ಗಂಟೆ ಮದುವೆಯನ್ನೇ ನೋಡಬೇಕಾಗಿ ಬಂದಿದೆ.